ಹನ್ನೆರಡು ತಂಡಗಳ ಆಟಗಾರ

ಆಟೋಟಗಳ ವಿಷಯವಾಗಿ ನಾನು ಲೇಖನಿ ಹಿಡಿಯುತ್ತಿರುವುದು ಇದೇ ಮೊದಲು. ಎಂಟನೆಯ ವಯಸ್ಸಿಗೆ ಮಠದ ಪಾಠಶಾಲೆಯನ್ನು ಸೇರಿ, ಅಲ್ಲಿಯೇ ಉಂಡು ಬೆಳೆದು, ಸಂಸ್ಕೃತವನ್ನೂ ಹಳಗನ್ನಡವನ್ನೂ ಓದಿ, ತರುವಾಯ ಒಂದೇ ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಬೋಧಿಸಿದ ನನಗೆ ಆಟದ ಬಯಲಿನ ಪರಿಚಯ ಅಷ್ಟಕ್ಕಷ್ಟೆ. ಅದರಲ್ಲಿಯೂ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯನ್ನು ಓದುಗರ ಮುಂದೆ ತರುವುದು ವಿಚಿತ್ರವೆನಿಸಬಹುದು. ಆದರೆ ಆ ಆಟದ ಒಬ್ಬ ಆಟಗಾರನ ವೃತ್ತಿಜೀವನವನ್ನು ತಿಳಿದುಕೊಂಡ ಮೇಲೆ, ನನ್ನ ಮಗನಿಗೆ ಆಡಿದ್ದ ಒಂದು ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಮಕ್ಕಳನ್ನು ದೂರದೇಶಗಳಲ್ಲಿ ಬಿಟ್ಟಿರುವ ಅನೇಕ ತಂದೆತಾಯಿಗಳು ಈ ಪತ್ರಿಕೆಯನ್ನು ಓದುತ್ತಾರೆಂಬುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಮಾತನ್ನು ಹೇಳಿಬಿಡುತ್ತೇನೆ. 2019ರಲ್ಲಿ ಮಗ ದೂರವಾಣಿ ಮಾಡಿ, ತಾನು ಹ್ಯೂಸ್ಟನ್ ನಗರವನ್ನು ಬಿಟ್ಟು ಓಹಾಯೋ ರಾಜ್ಯದ ಕೊಲಂಬಸ್ಸಿಗೆ ಹೋಗುತ್ತಿರುವುದಾಗಿ ತಿಳಿಸಿದ. ಬೆಂಗಳೂರು, ಪುಣೆ, ಮತ್ತೆ ಬೆಂಗಳೂರು, ಆಮೇಲೆ ಅಮೆರಿಕದ ಎರಡು ಊರು; ಇದು ಆರನೆಯ ಬದಲಾವಣೆ. ನನಗೆ ತಡೆಯಲಾಗಲಿಲ್ಲ. "ನೀನು ಒಂದು ಕಡೆ ನಿಲ್ಲಲಾರದವನು. ಉರುಳುವ ಕಲ್ಲಿಗೆ ಪಾಚಿ ಹತ್ತುವುದಿಲ್ಲ" ಎಂದುಬಿಟ್ಟೆ. ಆ ಆರರಲ್ಲಿ ಎರಡು ಸಲ ಅವನು ಕೆಲಸ ಮಾಡುತ್ತಿದ್ದ ವಿಭಾಗವನ್ನೇ ಮುಚ್ಚಿದ್ದರೆಂಬುದು ನನಗೆ ತಿಳಿಯದೆ ಇರಲಿಲ್ಲ. ಆದರೂ ಅಂದೆ. ಅವನು ಎದುರು ಮಾತಾಡಲಿಲ್ಲ. ಅಂದಿನಿಂದ ಅವನ ಕರೆಗಳು ತಾಯಿಗೆ ಬರತೊಡಗಿದವು. ನನ್ನ ಪಾಲಿಗೆ ಉಳಿದದ್ದು "ಆರೋಗ್ಯವೇ?" ಎಂಬ ಒಂದು ಪ್ರಶ್ನೆ ಮಾತ್ರ.

2022ರ ಡಿಸೆಂಬರಿನಲ್ಲಿ ನಾವಿಬ್ಬರೂ ಮೊದಲ ಬಾರಿಗೆ ಕೊಲಂಬಸ್ಸಿಗೆ ಹೋದೆವು. ಹೊರಗೆ ಕಾಲಿಡಲಾರದಷ್ಟು ಚಳಿ. ಹನ್ನೊಂದು ವರ್ಷದ ಮೊಮ್ಮಗನಿಗೆ ಮಾತ್ರ ಚಳಿಗಾಲವೆಂದರೆ ಹಬ್ಬ. ಏಕೆಂದರೆ ಅದು ಹಾಕಿಯ ಕಾಲ. ಒಂದು ಸಂಜೆ ಎಲ್ಲರೂ ಪಂದ್ಯ ನೋಡಲು ಹೊರಟರು. ನಾನು ಬರುವುದಿಲ್ಲವೆಂದೆ. "ಊರಿಗೆ ಬಂದವಳು ನೀರಿಗೆ ಬಾರದಿರುವಳೇ?" ಎಂದು ಮನೆಯಾಕೆ ನಕ್ಕಳು. ಹೋದೆ.

ಕ್ರೀಡಾಂಗಣವೆಂದರೆ ಛಾವಣಿಯ ಕೆಳಗೆ ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲದ ಮಂಜಿನ ಹಾಸು. ಅದರ ಮೇಲೆ ಪ್ರತಿಯೊಂದು ತಂಡದಿಂದ ಗೋಲ್ ರಕ್ಷಕನೂ ಸೇರಿ ಆರು ಮಂದಿ. ಪಾದರಕ್ಷೆಗಳಿಗೆ ಉಕ್ಕಿನ ಅಲಗು. ಚೆಂಡಿನ ಬದಲಿಗೆ ಸುಮಾರು 170 ಗ್ರಾಂ ತೂಕದ, ಗಟ್ಟಿ ರಬ್ಬರಿನ, ಕಪ್ಪು ಬಿಲ್ಲೆ. ಅದಕ್ಕೆ ಪಕ್ ಎಂದು ಹೆಸರು. ಪುಟಿಯದಿರಲೆಂದು ಆಟಕ್ಕೆ ಮೊದಲು ಅದನ್ನು ಹೆಪ್ಪುಗಟ್ಟಿಸಿಡುತ್ತಾರೆ. ಇಪ್ಪತ್ತು ನಿಮಿಷಗಳ ಮೂರು ಅವಧಿಗಳ ಆಟವಾದರೂ ಯಾವ ಆಟಗಾರನೂ ಒಂದೇ ಸಮನೆ ಆಡುವುದಿಲ್ಲ. ಮುಕ್ಕಾಲು ನಿಮಿಷದಷ್ಟು ಹೊತ್ತು ಪ್ರಾಣ ಪಣಕ್ಕಿಟ್ಟು ಓಡುತ್ತಾನೆ, ಬೇಲಿ ಹಾರಿ ಬಂದು ಕೂಡುತ್ತಾನೆ, ಇನ್ನೊಬ್ಬ ಹಾರಿ ಇಳಿಯುತ್ತಾನೆ. ನಮ್ಮ ಊರಿನ ತಂಡ ಗೋಲ್ ಹೊಡೆದಾಗ ಮೂಲೆಯಲ್ಲಿಟ್ಟಿದ್ದ ಫಿರಂಗಿ ಗುಡುಗಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮೊಮ್ಮಗನಿಗೆ ಅದೇ ಆ ರಾತ್ರಿಯ ದೊಡ್ಡ ವಿನೋದ.

ಮೊಮ್ಮಗ ತೊಟ್ಟಿದ್ದ ಅಂಗಿಯ ಬೆನ್ನ ಮೇಲೆ ಸಿಲಿಂಜರ್ ಎಂಬ ಹೆಸರಿತ್ತು. ಯಾರು ಅವನು ಎಂದೆ. ಬೆರಳು ಮಾಡಿ ತೋರಿಸಿದ. ಕೋಲ್ ಸಿಲಿಂಜರ್, ಹತ್ತೊಂಬತ್ತು ವರ್ಷದ ತರುಣ. "ಅಜ್ಜಾ, ಅವನು ಹುಟ್ಟಿದ್ದು ಇದೇ ಊರಿನಲ್ಲಿ. ಆಗ ಅವನ ಅಪ್ಪ ಇದೇ ತಂಡಕ್ಕೆ ಆಡುತ್ತಿದ್ದ. ಅವನು ಎರಡು ತಿಂಗಳ ಕೂಸಾಗಿದ್ದಾಗ ಅಪ್ಪನನ್ನು ಮಾರಿಬಿಟ್ಟರು" ಎಂದ.

ಮಾರಿಬಿಟ್ಟರು! ಆ ಕ್ರಿಯಾಪದ ನನ್ನ ಕಿವಿಯಲ್ಲಿ ನೆಟ್ಟಿತು. ಮನುಷ್ಯನನ್ನು ಮಾರುವುದೆಂದರೇನು? ಮನೆಗೆ ಬಂದ ಮೇಲೆ ಮಗನನ್ನೇ ಕೇಳಿದೆ. ಎಷ್ಟೋ ಕಾಲದ ನಂತರ ನಾನು ಅವನಿಗೆ ಒಂದು ನಿಜವಾದ ಪ್ರಶ್ನೆ ಕೇಳಿದ್ದೆ. ಅವನು ಗಣಕಯಂತ್ರದ ಮುಂದೆ ಕುಳ್ಳಿರಿಸಿ ತೋರಿಸಿದ. ಮುಂದಿನ ಕೆಲವು ವಾರ, ಹೊರಗೆ ಹಿಮ ಬೀಳುತ್ತಿರುವಾಗ, ಆ ತಂದೆಯ ಚರಿತ್ರೆಯನ್ನು ನಾನು ಒಂದು ಶಾಸನವನ್ನು ಓದುವ ಶ್ರದ್ಧೆಯಿಂದ ಓದಿದೆ.

ಮೈಕ್ ಸಿಲಿಂಜರ್ 1971ರಲ್ಲಿ ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತದ ರಾಜಧಾನಿಯಾದ ರೆಜೈನಾದಲ್ಲಿ ಹುಟ್ಟಿದ. ಕಣ್ಣು ಹಾಯುವ ತನಕ ಗೋಧಿಯ ಬಯಲು, ಚಳಿಗಾಲದಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ಶೀತ. ಮೈಕ್ ಬೆಳೆದು ತನ್ನ ಊರಿನದೇ ತಂಡವಾದ ರೆಜೈನಾ ಪ್ಯಾಟ್ಸ್‌ನಲ್ಲಿ ಆಡಿದ. ಒಂದು ಋತುವಿಗೆ ಐವತ್ತಕ್ಕೂ ಹೆಚ್ಚು ಗೋಲು ಹೊಡೆದ. 1991ರಲ್ಲಿ, ತನ್ನದೇ ಪ್ರಾಂತದ ಸಸ್ಕಾಟೂನ್ ನಗರದಲ್ಲಿ, ತರುಣರ ವಿಶ್ವ ಪಂದ್ಯಾವಳಿಯ ಚಿನ್ನದ ಪದಕ ಗೆದ್ದ ಕೆನಡಾ ತಂಡದಲ್ಲಿಯೂ ಇದ್ದ.

ಅಮೆರಿಕ ಮತ್ತು ಕೆನಡಾ ಎರಡೂ ದೇಶಗಳ ತಂಡಗಳು ಸೇರಿರುವ ನ್ಯಾಷನಲ್ ಹಾಕಿ ಲೀಗ್ ಎಂಬುದು ಆ ಆಟದ ಶಿಖರ. ಅಲ್ಲಿ ಪ್ರತಿವರ್ಷ ತಂಡಗಳು ಸರದಿಯ ಮೇಲೆ ಹೊಸ ತರುಣರನ್ನು ಆಯ್ದುಕೊಳ್ಳುತ್ತವೆ. 1989ರ ಆಯ್ಕೆಯಲ್ಲಿ ಡೆಟ್ರಾಯಿಟ್ ತಂಡ ತನ್ನ ಮೊದಲ ಸರದಿಯಲ್ಲಿಯೇ, ಒಟ್ಟು ಕ್ರಮದಲ್ಲಿ 11ನೆಯವನಾಗಿ, ಸಿಲಿಂಜರನನ್ನು ಆರಿಸಿಕೊಂಡಿತು. ಇಲ್ಲಿ ಓದುಗರು ಒಂದು ವಿಷಯವನ್ನು ಲಕ್ಷ್ಯದಲ್ಲಿಡಬೇಕು. ಅದೇ ದಿನ ಅದೇ ತಂಡ 53ನೆಯವನಾಗಿ ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರೋಮನನ್ನೂ, 74ನೆಯವನಾಗಿ ರಷ್ಯಾದ ಸೆರ್ಗೆಯ್ ಫೆಡೊರೊವನನ್ನೂ ಆರಿಸಿತು. ಲಿಡ್‌ಸ್ಟ್ರೋಮ್ 1991ರಿಂದ 2012ರವರೆಗೆ ಇಪ್ಪತ್ತು ಋತುಗಳ ಕಾಲ ಡೆಟ್ರಾಯಿಟ್ ಬಿಟ್ಟು ಕದಲಲಿಲ್ಲ. ಲೀಗಿನ ಪರಮ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪನ್ನು ನಾಲ್ಕು ಬಾರಿ ಗೆದ್ದ. ಫೆಡೊರೊವ್ ಮೂರು ಬಾರಿ ಗೆದ್ದ. ಎಲ್ಲರಿಗಿಂತ ಮೊದಲು ಆಯ್ಕೆಯಾದ ಸಿಲಿಂಜರನಿಗೆ ಆ ಮನೆಯಲ್ಲಿ ಸ್ಥಾನ ದೊರೆಯಲಿಲ್ಲ. ಆತ ಆಡುತ್ತಿದ್ದುದು ಮುಂಚೂಣಿಯ ನಡುವಿನ ಸ್ಥಾನದಲ್ಲಿ. ಆ ಸ್ಥಾನಕ್ಕೆ ಸ್ಟೀವ್ ಐಜರ್‌ಮನ್ ಎಂಬ ನಾಯಕನೂ ಫೆಡೊರೊವನೂ ಮೊದಲೇ ಇದ್ದರು. ಸಿಲಿಂಜರ್ ಆಡಿರಾಂಡಾಕ್ ಎಂಬ ಕೆಳಹಂತದ ತಂಡಕ್ಕೂ ಡೆಟ್ರಾಯಿಟ್ಟಿಗೂ ನಡುವೆ ಓಡಾಡಿದ. ಆತನಲ್ಲಿ ಪ್ರತಿಭೆಯ ಕೊರತೆಯಿತ್ತೆನ್ನಲು ಬರುವುದಿಲ್ಲ. ಕೂಡಬೇಕಾದ ಕುರ್ಚಿಯಲ್ಲಿ ಬೇರೆಯವರಿದ್ದರು, ಅಷ್ಟೆ.

ಈ "ಮಾರಾಟ"ದ ರೀತಿಯನ್ನು ಒಂದಿಷ್ಟು ವಿವರಿಸಬೇಕು. ಅಲ್ಲಿ ಆಟಗಾರನ ಒಪ್ಪಂದಪತ್ರ ತಂಡದ ಸ್ವತ್ತು. ಎರಡು ತಂಡಗಳು ಮಾತಾಡಿಕೊಂಡು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಮುಂದಿನ ವರ್ಷದ ತರುಣರನ್ನು ಆಯುವ ಸರದಿಗೂ ಬದಲಾಗಿ ಕೊಡಬಹುದು. ಸಂಬಳ ಬದಲಾಗದು, ಊರು ಬದಲಾಗುತ್ತದೆ. ಸಾಮಾನ್ಯ ಆಟಗಾರನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಒಪ್ಪಂದದಲ್ಲಿ ಹಾಗೆಂದು ಷರತ್ತು ಬರೆಸಿಕೊಳ್ಳುವ ಬಲವುಳ್ಳ ಕೆಲವರಿಗೆ ಮಾತ್ರ ಬೇಡವೆನ್ನುವ ಹಕ್ಕು. ಉಳಿದವರು ಚೀಲ ಕಟ್ಟಿಕೊಂಡು ಹೊರಡಬೇಕು. ಹೆಂಡತಿ ಮಕ್ಕಳು, ಶಾಲೆ, ಮನೆ ಬಾಡಿಗೆ ಇವೆಲ್ಲ ಆಮೇಲಿನ ಮಾತು.

ಸಿಲಿಂಜರನ ಪಯಣ ಹೀಗಿದೆ. 1995ರ ಏಪ್ರಿಲಿನಲ್ಲಿ ಡೆಟ್ರಾಯಿಟ್ಟಿನಿಂದ ಕ್ಯಾಲಿಫೋರ್ನಿಯದ ಅನಾಹೈಮ್. 1996ರ ಮಾರ್ಚಿನಲ್ಲಿ ಅಲ್ಲಿಂದ ವ್ಯಾಂಕೂವರ್. 1998ರ ಆರಂಭದಲ್ಲಿ ಭೂಖಂಡದ ಇನ್ನೊಂದು ಅಂಚಿನ ಫಿಲಡೆಲ್ಫಿಯಾ. ಅದೇ ವರ್ಷದ ಕೊನೆಗೆ ಟ್ಯಾಂಪಾ ಬೇ. 2000ದ ಮಾರ್ಚಿನಲ್ಲಿ ಫ್ಲಾರಿಡಾ ತಂಡ. 2001ರ ಮಾರ್ಚಿನಲ್ಲಿ ಕೆನಡಾದ ರಾಜಧಾನಿ ಆಟವಾ. ಆ ಬೇಸಗೆಯಲ್ಲಿ ತಾನೇ ಒಪ್ಪಂದ ಮಾಡಿಕೊಂಡು, ಆಗಷ್ಟೇ ಹುಟ್ಟಿದ್ದ ಕೊಲಂಬಸ್ ತಂಡಕ್ಕೆ ಸೇರಿದ. ಎರಡು ಋತು ನೆಮ್ಮದಿಯಾಗಿ ಆಡಿದ. 2003ರ ಮೇ ತಿಂಗಳಲ್ಲಿ ಮೂರನೆಯ ಮಗ ಕೋಲ್ ಹುಟ್ಟಿದ. ಜುಲೈ 22ರಂದು ಕೊಲಂಬಸ್ ತಂಡ ಆತನನ್ನು ಡಲ್ಲಾಸಿಗೆ ಕೊಟ್ಟಿತು. ಡಲ್ಲಾಸ್ ಅದೇ ದಿನವೇ ಆತನನ್ನು ಫೀನಿಕ್ಸಿಗೆ ದಾಟಿಸಿತು. ಡಲ್ಲಾಸಿನ ಪರವಾಗಿ ಆತ ಒಂದು ಪಂದ್ಯವನ್ನೂ ಆಡಲಿಲ್ಲ. ಬಸ್ಸು ನಿಲ್ಲದೆ ಹಾದುಹೋದ ಊರಿನಂತೆ ಅದು ಆತನ ಲೆಕ್ಕದಲ್ಲಿ ಉಳಿಯಿತು. 2004ರ ಮಾರ್ಚಿನಲ್ಲಿ ಸೇಂಟ್ ಲೂಯಿಸ್. ಮುಂದಿನ ಋತುವನ್ನು ಮಾಲೀಕರಿಗೂ ಆಟಗಾರರಿಗೂ ನಡೆದ ವ್ಯಾಜ್ಯ ಪೂರ್ಣವಾಗಿ ನುಂಗಿತು. 2006ರ ಜನವರಿಯಲ್ಲಿ ನ್ಯಾಶ್‌ವಿಲ್. ಆ ಬೇಸಗೆಯಲ್ಲಿ ಮತ್ತೆ ತಾನಾಗಿ ಆರಿಸಿಕೊಂಡು ನ್ಯೂಯಾರ್ಕ್ ಐಲ್ಯಾಂಡರ್ಸ್ ಸೇರಿದ. ಹೀಗೆ ಹನ್ನೆರಡು ತಂಡಗಳ ಅಂಗಿ ತೊಟ್ಟು ಆಡಿದ. ಅದು ಆ ಲೀಗಿನ ದಾಖಲೆ. ಹೊಸ ತಂಡವನ್ನು ತಾನಾಗಿ ಆಯ್ದುಕೊಂಡದ್ದು ಎರಡೇ ಸಲ.

ಈ ಪಟ್ಟಿಯಲ್ಲಿ ಮಾರ್ಚ್ ತಿಂಗಳು ನಾಲ್ಕು ಸಲ ಬಂದಿರುವುದನ್ನು ಗಮನಿಸಬೇಕು. ಋತುವಿನ ಕೊನೆಗೆ ಅದಲುಬದಲಿಗೆ ಒಂದು ಗಡುವು ಇರುತ್ತದೆ. ಗೆಲ್ಲುವ ಆಸೆಯಿರುವ ತಂಡಗಳು ಅನುಭವಿ ಕೈಗಳನ್ನು ಹುಡುಕುತ್ತವೆ. ಆಸೆ ಕಳೆದುಕೊಂಡವು ಕೊಡುತ್ತವೆ. ಸಿಲಿಂಜರನ ಕೈಯಲ್ಲಿ ಅಂಥ ಎರಡು ವಿದ್ಯೆಗಳಿದ್ದವು. ಪ್ರತಿಸಲ ಆಟ ನಿಂತು ಮತ್ತೆ ಆರಂಭವಾಗುವಾಗ ಇಬ್ಬರು ಆಟಗಾರರು ಎದುರುಬದುರು ಬಾಗಿ ನಿಲ್ಲುತ್ತಾರೆ, ನಡುವೆ ತೀರ್ಪುಗಾರ ಪಕ್ಕನ್ನು ಬೀಳಿಸುತ್ತಾನೆ; ಅದನ್ನು ಮೊದಲು ತನ್ನವರ ಕಡೆಗೆ ಸೆಳೆಯುವುದು ಒಂದು ವಿದ್ಯೆ. ತನ್ನ ತಂಡದವನೊಬ್ಬ ತಪ್ಪು ಮಾಡಿ ಎರಡು ನಿಮಿಷ ಹೊರಗೆ ಕುಳಿತಾಗ, ಒಬ್ಬ ಕಡಿಮೆಯಿದ್ದರೂ ಎದುರಾಳಿಗಳನ್ನು ತಡೆದು ನಿಲ್ಲಿಸುವುದು ಇನ್ನೊಂದು. ಎರಡಕ್ಕೂ ಜಯಘೋಷವಿಲ್ಲ, ಫಿರಂಗಿ ಹಾರುವುದಿಲ್ಲ. ಆದರೆ ಇವಿಲ್ಲದೆ ಯಾವ ತಂಡವೂ ಗೆಲ್ಲುವುದಿಲ್ಲ. ಹೋದ ಮರುದಿನವೇ ಕೆಲಸಕ್ಕೆ ಒದಗುವ, ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲದ ಇಂಥವನನ್ನು ಎಲ್ಲರೂ ಬಯಸುತ್ತಾರೆ. ಆ ಕಾರಣದಿಂದಲೇ ಎಲ್ಲರೂ ಬಿಟ್ಟುಕೊಡಲೂಬಲ್ಲರು. ಒಂದೇ ಗುಣ ಆತನನ್ನು ಬೇಕಾದವನನ್ನಾಗಿಯೂ ಮಾಡಿತು, ನೆಲೆಯಿಲ್ಲದವನನ್ನಾಗಿಯೂ ಮಾಡಿತು.

ಇಂಥ ಆಟಗಾರರಿಗೆ ಆ ನಾಡಿನಲ್ಲಿ "ಜರ್ನಿಮನ್" ಎನ್ನುತ್ತಾರೆಂದು ಮಗ ಹೇಳಿದ. ಜರ್ನಿ ಎಂದರೆ ಪ್ರಯಾಣ. ಆದುದರಿಂದ ಅಲೆಮಾರಿ ಎಂದೇ ಅರ್ಥ ಮಾಡಿಕೊಂಡೆ. ಆದರೆ ಪದದ ಮೂಲ ನೋಡದೆ ಮುಂದೆ ಹೋಗಬಾರದೆಂದು ಬಾಲ್ಯದಲ್ಲಿ ಗುರುಗಳು ಹಾಕಿಕೊಟ್ಟ ಅಭ್ಯಾಸ ಬಿಡಲಿಲ್ಲ. ನಿಘಂಟು ನೋಡಿದಾಗ ನನ್ನ ತಿಳಿವಳಿಕೆ ತಪ್ಪೆಂದು ಕಂಡಿತು. ಆ ಶಬ್ದದ ಬೇರು "ದಿನ" ಎಂಬ ಅರ್ಥದ ಫ್ರೆಂಚ್ ಪದ. ಕಸುಬನ್ನು ಕಲಿತು ಮುಗಿಸಿ, ಇನ್ನೂ ಸ್ವಂತ ಅಂಗಡಿ ಹಾಕದೆ, ಯಾರ ಬಳಿಯಾದರೂ ದಿನಗೂಲಿಗೆ ದುಡಿಯಲು ಅರ್ಹನಾದ ಕುಶಲಕರ್ಮಿಗೆ ಆ ಹೆಸರು. ಊರೂರು ತಿರುಗುವವನು ಎಂಬುದು ಮೂಲಾರ್ಥವಲ್ಲ. ಆಯಾ ದಿನದ ಕೆಲಸವನ್ನು ಆಯಾ ದಿನ ಪೂರ್ತಿಯಾಗಿ ಮಾಡಿ ಕೊಡುವವನು ಎಂಬುದೇ ಮೂಲಾರ್ಥ. ನಾನು ಊರುಗಳನ್ನು ಎಣಿಸುತ್ತಿದ್ದೆ. ಆ ಶಬ್ದ ದಿನಗಳನ್ನು ಎಣಿಸುತ್ತಿತ್ತು.

ಹಾಗೆ ಎಣಿಸಿದರೆ ಸಿಲಿಂಜರನ ಲೆಕ್ಕ ಬೇರೆಯಾಗಿಯೇ ಕಾಣುತ್ತದೆ. ಆತ ಆಡಿದ್ದು 1,049 ಪಂದ್ಯ. ಹೊಡೆದ ಗೋಲು 240, ಇತರರ ಗೋಲಿಗೆ ನೆರವಾದದ್ದು 308 ಸಲ. ಸಾವಿರ ಪಂದ್ಯಗಳನ್ನು ಮುಟ್ಟಿದವರು ಲೀಗಿನ ಸುದೀರ್ಘ ಇತಿಹಾಸದಲ್ಲಿ ಕೆಲವು ನೂರು ಮಂದಿ ಮಾತ್ರ. ಮುಟ್ಟಿದವರಿಗೆ ಬೆಳ್ಳಿಯ ಹಾಕಿ ಕೋಲನ್ನು ಕೊಟ್ಟು ಗೌರವಿಸುವ ಸಂಪ್ರದಾಯವಿದೆ. 2007ರಲ್ಲಿ, ಹನ್ನೆರಡನೆಯ ತಂಡದಲ್ಲಿದ್ದಾಗ, ಆತ ಆ ಗಡಿಯನ್ನು ದಾಟಿದ. ಇನ್ನೂ ಆಶ್ಚರ್ಯವೆಂದರೆ, ಆತ ಅತಿ ಹೆಚ್ಚು ಗೋಲು ಹೊಡೆದ ಋತು ಬಂದದ್ದು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ. 2005-06ರ ಆ ಋತುವಿನ ನಡುವೆಯೇ ಆತನನ್ನು ಸೇಂಟ್ ಲೂಯಿಸಿನಿಂದ ನ್ಯಾಶ್‌ವಿಲ್ಲಿಗೆ ಕಳುಹಿಸಿದ್ದರು. ಅಲ್ಲಿ 22, ಇಲ್ಲಿ 10, ಒಟ್ಟು 32 ಗೋಲು. ಮನೆ ಬದಲಾದರೂ ಕೈ ಬದಲಾಗಲಿಲ್ಲ.

ಆದರೆ ಇದನ್ನು ಸುಖಾಂತ ಕಥೆಯಾಗಿಸುವುದು ಸತ್ಯಕ್ಕೆ ಮಾಡುವ ಅಪಚಾರ. ಸ್ಟ್ಯಾನ್ಲಿ ಕಪ್ಪಿನ ಮೈಮೇಲೆ ಗೆದ್ದ ಆಟಗಾರರ ಹೆಸರುಗಳನ್ನು ಕೆತ್ತುತ್ತಾರೆ. ಅಲ್ಲಿ ಸಿಲಿಂಜರನ ಹೆಸರಿಲ್ಲ. ಆತ ಬಿಟ್ಟುಬಂದ ಎರಡು ವರ್ಷಕ್ಕೆ, 1997ರಲ್ಲಿ, ಡೆಟ್ರಾಯಿಟ್ ಗೆದ್ದಿತು. 2004ರಲ್ಲಿ ಟ್ಯಾಂಪಾ ಬೇ ಗೆದ್ದಿತು. 2007ರಲ್ಲಿ ಅನಾಹೈಮ್ ಗೆದ್ದಿತು. ತಾನು ವಾಸವಾಗಿದ್ದ ಮನೆಗಳಲ್ಲಿ ತಾನು ಹೊರಟ ಮೇಲೆ ಮದುವೆಯ ಓಲಗ ಕೇಳಿಬಂದಂತೆ! ಕೊನೆಗೆ ಸೊಂಟದ ಕೀಲು ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯ ತರುವಾಯ 2008-09ರ ಋತುವಿನಲ್ಲಿ ಆಡಲಾದದ್ದು ಏಳೇ ಪಂದ್ಯ. 2009ರಲ್ಲಿ ನಿವೃತ್ತನಾಗಿ, ಎಡ್ಮಂಟನ್ ತಂಡದಲ್ಲಿ ಎಳೆಯ ಆಟಗಾರರನ್ನು ತಿದ್ದುವ ಕೆಲಸಕ್ಕೆ ಹೋದ. ಮೂವರು ಗಂಡುಮಕ್ಕಳಿದ್ದ ಆ ಮನೆಯಾಕೆ ಎಷ್ಟು ಸಲ ಪಾತ್ರೆ ಪಡಗ ಕಟ್ಟಿರಬೇಕು, ಬಿಚ್ಚಿರಬೇಕು! ದಾಖಲೆಯ ಪುಸ್ತಕಗಳಲ್ಲಿ ಅದಕ್ಕೆ ಅಂಕಣವಿಲ್ಲ. ಈ ಸಾಲು ಬರೆಯುವಾಗ ನನ್ನ ಸೊಸೆ ನೆನಪಾಗುತ್ತಾಳೆ.

ಮತ್ತೆ ಮೊಮ್ಮಗನ ಅಂಗಿಯ ಹೆಸರಿಗೆ ಬರೋಣ. 2021ರ ಆಯ್ಕೆಯಲ್ಲಿ ಕೊಲಂಬಸ್ ತಂಡ 12ನೆಯವನಾಗಿ ಆರಿಸಿಕೊಂಡದ್ದು ಅದೇ ಕೋಲ್ ಸಿಲಿಂಜರನನ್ನು. ತಂದೆಯನ್ನು ಕಳುಹಿಸಿಕೊಟ್ಟ ಊರು ಹದಿನೆಂಟು ವರ್ಷಗಳ ಮೇಲೆ ಮಗನನ್ನು ಕರೆಯಿತು. ಮೊದಲ ಋತುವಿನಲ್ಲಿ ಆ ಹುಡುಗ 79 ಪಂದ್ಯಗಳಲ್ಲಿ 16 ಗೋಲು ಹೊಡೆದ. ಎರಡನೆಯ ಋತು ಕೈ ಹಿಡಿಯಲಿಲ್ಲ. ನಾವು ಅಲ್ಲಿದ್ದಾಗಲೇ, 2023ರ ಮಾರ್ಚಿನಲ್ಲಿ, ಅವನನ್ನು ಕ್ಲೀವ್‌ಲ್ಯಾಂಡಿನ ಕೆಳಹಂತದ ತಂಡಕ್ಕೆ ಕಳುಹಿಸಿದರು. ಮೊಮ್ಮಗ ಆ ರಾತ್ರಿ ಊಟ ಮಾಡಲಿಲ್ಲ. ಮಗ ಅವನ ಪಕ್ಕದಲ್ಲಿ ಕುಳಿತು ಹೇಳುತ್ತಿದ್ದುದು ಪಕ್ಕದ ಕೋಣೆಯಲ್ಲಿದ್ದ ನನಗೆ ಕೇಳಿಸಿತು: "ಕಳುಹಿಸಿದರೆಂದರೆ ಅವನು ಕೆಟ್ಟವನೆಂದಲ್ಲ. ಎಲ್ಲಿಗೆ ಕಳುಹಿಸಿದರೋ ಅಲ್ಲಿ ಚೆನ್ನಾಗಿ ಆಡಬೇಕು, ಅಷ್ಟೆ. ಅವನ ಅಪ್ಪ ಮಾಡಿದ್ದೂ ಅದನ್ನೇ." ಮುಂದಿನ ಋತುವಿಗೆ ಆ ಹುಡುಗ ಕೊಲಂಬಸ್ಸಿಗೆ ಮರಳಿದ, ಅದು ಆಮೇಲಿನ ಮಾತು. ಆ ರಾತ್ರಿ ನನಗೆ ಕೇಳಿಸಿದ್ದು ಹಾಕಿಯ ಮಾತಾಗಿರಲಿಲ್ಲ. ನನ್ನ ಮಗ ತನ್ನ ಮಗನಿಗೆ ಹೇಳುತ್ತಿದ್ದುದನ್ನು 2019ರಲ್ಲಿ ನಾನು ಅವನಿಗೆ ಹೇಳಬೇಕಾಗಿತ್ತು.

ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಅವನೊಬ್ಬನೇ ಇದ್ದ. ಹೋಗಿ, "ಅಂದು ನಾನು ಆಡಿದ ಮಾತು ತಪ್ಪು" ಎಂದೆ. ಯಾವ ಮಾತೆಂದು ಅವನು ಕೇಳಲಿಲ್ಲ, ಅಂದರೆ ಮರೆತಿರಲಿಲ್ಲ. "ಇರಲಿ ಬಿಡಿ ಅಪ್ಪಾ" ಎಂದು ಹಾಲು ಕಾಯಿಸಿ ಕೊಟ್ಟ. ಆಮೇಲೆ, ನಾನು ಕೇಳದೆಯೇ, ಹ್ಯೂಸ್ಟನ್ನಿನಲ್ಲಿ ಕೆಲಸ ಹೋದ ದಿನದ ವಿಷಯ ಹೇಳತೊಡಗಿದ. ಅರ್ಧ ಗಂಟೆಯಲ್ಲಿ ಮೇಜು ಖಾಲಿ ಮಾಡಲು ಹೇಳಿದ್ದರಂತೆ. ಮನೆಗೆ ಬರಲು ಮನಸ್ಸಾಗದೆ ಮಗನ ಶಾಲೆಯ ಮುಂದೆ ಕಾರು ನಿಲ್ಲಿಸಿಕೊಂಡು ಸಂಜೆಯವರೆಗೆ ಕುಳಿತಿದ್ದನಂತೆ. ಮೂರು ತಿಂಗಳು ಉಳಿತಾಯದ ಮೇಲೆ ಬದುಕಿದರಂತೆ. ಆ ಸುದ್ದಿಯನ್ನು ನಮಗೆ ತಿಳಿಸದಿದ್ದುದು ನಾವು ನೊಂದೇವೆಂದು. ಹೊಸ ಕೆಲಸ ಸಿಕ್ಕಿತೆಂದು ಸಂತೋಷದಿಂದ ದೂರವಾಣಿ ಮಾಡಿದಾಗ ಅವನಿಗೆ ಸಿಕ್ಕಿದ್ದು ನನ್ನ ಗಾದೆ.

ಒಂದೇ ಕಡೆ ನಿಲ್ಲುವುದನ್ನು ನಾನು ಸದ್ಗುಣವೆಂದು ತಿಳಿದಿದ್ದೆ. ನನ್ನ ಮಟ್ಟಿಗೆ ಅದು ದೊಡ್ಡಮಟ್ಟಿಗೆ ಅದೃಷ್ಟವಾಗಿತ್ತೆಂದು ಈಗ ತೋರುತ್ತದೆ. ನನ್ನ ಕಾಲೇಜು ಮುಚ್ಚಲಿಲ್ಲ. ನನ್ನ ಕುರ್ಚಿಯಲ್ಲಿ ಮೊದಲೇ ಇನ್ನೊಬ್ಬ ಕುಳಿತಿರಲಿಲ್ಲ. ಲಿಡ್‌ಸ್ಟ್ರೋಮನ ಇಪ್ಪತ್ತು ಋತುಗಳಿಗೆ ನಾನು ತಲೆಬಾಗುತ್ತೇನೆ. ಆದರೆ ಹನ್ನೆರಡು ಕಡೆ ಹೊಸಬನಾಗಿ ಹೋಗಿ, ಹನ್ನೆರಡು ಕಡೆಯೂ ಮೊದಲ ದಿನವೇ ಬಾಗಿ ನಿಂತು ಪಕ್ಕಿಗಾಗಿ ಸೆಣಸಿದವನ ಸ್ಥಿರತೆ ಕಡಿಮೆಯದೆಂದು ಇನ್ನು ನಾನು ಹೇಳಲಾರೆ.

ಊರಿಗೆ ಮರಳಿದ ಮೇಲೆ ಈಗ ಪ್ರತಿ ಭಾನುವಾರ ಮಗನ ಕರೆ ನನಗೇ ಬರುತ್ತದೆ. ಕಳೆದ ವಾರ ಅವನ ಕಂಪನಿಯಲ್ಲಿ ಮತ್ತೆ ಏನೋ ಬದಲಾವಣೆಯ ಗಾಳಿ ಬೀಸುತ್ತಿದೆಯೆಂದ. "ಎಲ್ಲಿಗೆ ಹೋಗಬೇಕಾದೀತು?" ಎಂದು ಕೇಳಿದೆ. ಇನ್ನೂ ತಿಳಿಯದೆಂದ. "ಹೋದ ಕಡೆ ನಾವೂ ಬಂದು ಸಾಮಾನು ಬಿಚ್ಚಲು ನೆರವಾಗುತ್ತೇವೆ" ಎಂದೆ.